ಹುಳಿ ವಾಸನೆ

ಒದ್ದೆ ಕಾಗದದ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಅಚ್ಯುತ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿದ. ಆಮೇಲೆ ಹುಬ್ಬು ಗಂಟಿಕ್ಕಬೇಕು. ಗಂಟಿಕ್ಕಿದ.

“ಚೆನ್ನಾಗಿದೆ. ಬಿಡಿ ಒಳಕ್ಕೆ.”

ಎದುರು ನಿಂತಿದ್ದ, ಟ್ಯಾಂಕು ನೋಡಿಕೊಳ್ಳುವ ಗಿಡ್ಡಯ್ಯ ಅಲ್ಲಾಡಲಿಲ್ಲ.

ಅರಸೀಕೆರೆಯ ಹೊರಗಿನ ಆ ಕಾರ್ಖಾನೆಯಲ್ಲಿ ಔಷಧಿಯ ಪುಡಿ ತಯಾರಾಗುತ್ತದೆ. ಪುಡಿ ಬೇರೆಯಾದ ಮೇಲೆ ಉಳಿಯುವ ದ್ರಾವಕವನ್ನು ಚೆಲ್ಲುವುದಿಲ್ಲ. ಮತ್ತೆ ಅದೇ ಕೆಲಸಕ್ಕೆ ಬಳಸುತ್ತಾರೆ. ಪ್ರತಿ ಸುತ್ತಿನಲ್ಲೂ ಅದರಲ್ಲಿ ಯಾರಿಗೂ ಬೇಡದ ಒಂದು ಹುಳಿ ಹುಟ್ಟಿಕೊಳ್ಳುತ್ತದೆ. ತೊಳೆದು, ತೆಂಗಿನ ಕರಟದ ಇದ್ದಿಲಿನ ಮೂಲಕ ಹಾಯಿಸಿ ಅದನ್ನು ತೆಗೆಯದಿದ್ದರೆ ಮುಂದಿನ ಬ್ಯಾಚ್ ಪೂರ್ತಿ ಹಾಳು. ಹುಳಿ ಉಳಿದಿದೆಯೇ ಎಂದು ಹೇಳಲು ಯಂತ್ರಕ್ಕೆ ಮುಕ್ಕಾಲು ಗಂಟೆ ಬೇಕು. ಅಚ್ಯುತನ ಮೂಗಿಗೆ ಒಂದು ಉಸಿರು ಸಾಕು ಎಂಬುದು ಹದಿನೆಂಟು ವರ್ಷಗಳ ಖ್ಯಾತಿ.

ಕೊರೊನಾ ಜ್ವರದಲ್ಲಿ ಹೋದ ವಾಸನೆ ನಾಲ್ಕು ವರ್ಷವಾದರೂ ಮರಳಿರಲಿಲ್ಲ. ಅವನು ಯಾರಿಗೂ ಹೇಳಿರಲಿಲ್ಲ. ಬೇಲೂರಿನ ಮನೆಯಲ್ಲಿ ಹೆಂಡತಿ ಕೋಮಲವಲ್ಲಿ ಸಾರು ಬಡಿಸಿದರೆ “ಒಳ್ಳೇ ಘಮ” ಎನ್ನುತ್ತಿದ್ದ. ಇಲ್ಲಿ ಏನಾದರೊಂದು ನೆಪ ಹೇಳಿ, ಯಂತ್ರದ ಅಂಕಿ ಕದ್ದು ನೋಡಿ, ಆಮೇಲೆ ಮೂಸುತ್ತಿದ್ದ. ಇವತ್ತು ಯಂತ್ರ ರಿಪೇರಿಗೆ ಹೋಗಿತ್ತು.

“ಬಿಡ್ಲಾ ಸಾ?”

“ಹೇಳಿದ್ನಲ್ಲ.”

“ಅದು ನಲ್ಲಿ ನೀರು ಸಾ.”

ಅಚ್ಯುತ ಪಟ್ಟಿಯನ್ನು ನೋಡಿದ. ಇನ್ನೂ ಒದ್ದೆ. ದ್ರಾವಕವಾಗಿದ್ದರೆ ಇಷ್ಟರಲ್ಲಿ ಆರಬೇಕಿತ್ತು. ಕಣ್ಣು ಮುಚ್ಚಿಕೊಂಡು ಅದನ್ನೂ ಕಾಣದೆ ಹೋಗಿದ್ದ.

“ಮೂರು ವರ್ಷದಿಂದ ಗೊತ್ತೈತೆ,” ಗಿಡ್ಡಯ್ಯ ಮೆಲ್ಲಗೆ ಹೇಳಿದ. “ಒಂದ್ಸಲ ಕರೆಂಟ್ ಇರ್ನಿಲ್ಲ. ಹುಳಿ ಗಬ್ಬಂತಿತ್ತು, ನೀವು ಚೆನ್ನಾಗಿದೆ ಅಂದ್ರಿ. ಅವತ್ತಿಂದ ನಾನೇ ಮೂಸಿ, ಸರಿ ಇದ್ರೆ ಮಾತ್ರ ನಿಮ್ ತಾವ ತತ್ತಿದ್ದೆ.”

“ಯಾಕೆ ಹೇಳ್ಲಿಲ್ಲ?”

“ನೀವೇ ಹೇಳ್ತೀರ ಅಂತ ಕಾಯ್ತಿದ್ದೆ. ಸೋಮವಾರದಿಂದ ನಾನಿರಲ್ಲ ಸಾ, ರಿಟೈರು. ಅದ್ಕೇ.”

ಜೇಬಿನಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟ. “ಇದು ನಿಜವಾದ್ದು. ಸರಿಯಾಗೈತೆ.”

“ಬಿಡಿ ಹಾಗಾದ್ರೆ.”

ಕೃತಜ್ಞತೆ ಬರಬೇಕಿತ್ತು. ಬಂದದ್ದು ಸಿಟ್ಟು. ಮೂರು ವರ್ಷ, ದಿನಕ್ಕೆರಡು ಸಲ, ಈ ಮನುಷ್ಯ ಕೈಕಟ್ಟಿ ನಿಂತು ತನ್ನ ಹುಬ್ಬು ಗಂಟಿಕ್ಕುವುದನ್ನು ನೋಡಿದ್ದ.

ಮನೆಯಲ್ಲಿ ಸೀದ ಸಾರಿಗೂ ತಾನು ಘಮ ಎಂದಿರಬಹುದೆ? ತಾನೇ ಹೇಳಲೆಂದು ಹೆಂಡತಿಯೂ ಕಾಯುತ್ತಿರಬಹುದೆ? ಫೋನ್ ಮಾಡಿದ.

“ಏನ್ರೀ, ಈ ಹೊತ್ನಲ್ಲಿ?” ಕೋಮಲವಲ್ಲಿ ಕೇಳಿದಳು.

“ಏನಿಲ್ಲ. ಊಟ ಆಯ್ತಾ?”

“ಆಯ್ತು. ಏನಾದ್ರೂ ಹೇಳ್ಬೇಕಿತ್ತಾ?”

“ಇಲ್ಲ.”

ಅವಳು ಫೋನ್ ಇಡಲಿಲ್ಲ. ಅವನೇ ಇಟ್ಟ.

ಸಂಜೆಯ ಬೇಲೂರು ಬಸ್ಸು ಜಾವಗಲ್ ದಾಟಿದ ಮೇಲೆ ಮುಂದಿನ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಅವಳ ಪಕ್ಕದವನು. ಆಮೇಲೆ ಕಂಡಕ್ಟರ್. ಅಚ್ಯುತನ ಪಕ್ಕದಲ್ಲಿದ್ದ ಮುದುಕ ಎದ್ದು ಹಿಂದಕ್ಕೆ ಹೋದ.

ರಸ್ತೆಯಲ್ಲಿ ಏನೋ ಸತ್ತಿರಬಹುದು. ಅಥವಾ ಯಾರದೋ ಚೀಲದಲ್ಲಿರಬಹುದು. ಅಚ್ಯುತ ತಲೆ ಬಗ್ಗಿಸಿ ತನ್ನ ಅಂಗಿಯ ಕಾಲರನ್ನು ಮೂಸಿದ. ಏನೂ ಇಲ್ಲ. ಇದ್ದರೂ ಇಲ್ಲ.

ಕರ್ಚೀಫು ತೆಗೆದು ತಾನೂ ಮೂಗು ಮುಚ್ಚಿಕೊಂಡ. ಉಳಿದವರು ಯಾವಾಗ ಕೈ ಇಳಿಸುತ್ತಾರೋ ಎಂದು ಒಬ್ಬೊಬ್ಬರನ್ನೇ ನೋಡುತ್ತಾ ಕುಳಿತ. ಹಳೇಬೀಡು ಬಂತು. ಯಾರೂ ಕೈ ಇಳಿಸಲಿಲ್ಲ.