ಎಡಕ್ಕೆ ಅಂಟಿಸಿದ ಹಾಳೆ

ಅರಣ್ಯ ಕಚೇರಿಯ ಸಭಾಕೋಣೆಗೆ ಸಾಹೇಬರು ಬಂದಾಗ ಅಳತೆಯಮ್ಮ ಕುರ್ಚಿಯ ಮೇಲೆ ನಿಂತು, ಗೋಡೆಗೆ ಹಚ್ಚಿದ್ದ ಗ್ರಾಫಿನ ಎಡ ಅಂಚಿಗೆ ಗೋಂದು ಬಳಿಯುತ್ತಿದ್ದಳು. ಸಭೆಗೆ ಇನ್ನು ಅರ್ಧ ಗಂಟೆಯಿತ್ತು.

"ಏನಮ್ಮಾ, ಗೋಡೆಗೆ ತೇಪೆ ಹಾಕ್ತಿದ್ದೀರಾ?"

"ಗೋಡೆಗಲ್ಲ ಸಾರ್, ಲೆಕ್ಕಕ್ಕೆ."

ಇಪ್ಪತ್ತಾರು ವರ್ಷ ಮರಗಳ ಸುತ್ತಳತೆ ಹಿಡಿದು ಹಿಡಿದು ಆ ಅಡ್ಡಹೆಸರು ಅವಳಿಗೆ ಬಂದಿತ್ತು; ಹೆತ್ತವರಿಟ್ಟದ್ದು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಕಾಡು ಕಡಿದದ್ದರಿಂದ ಯಾವ ವರ್ಷ ಎಷ್ಟು ಇಂಗಾಲ ಗಾಳಿಗೆ ಸೇರಿತೆಂದು ಲೆಕ್ಕ ಹಾಕಿ, ಮೂಡಣ ಸೀಮೆಯನ್ನೂ ಪಡುವಣ ಸೀಮೆಯನ್ನೂ ಪಕ್ಕಪಕ್ಕ ನಿಲ್ಲಿಸಿ ತೋರಿಸುವುದು ಈಗ ಅವಳ ಕೆಲಸ.

ಸಾಹೇಬರು ಬರೆಸಿದ್ದು ಹದಿನೈದು ವರ್ಷಗಳ ಗ್ರಾಫು. ಉಪಗ್ರಹದ ಸ್ಪಷ್ಟ ಚಿತ್ರಗಳು ಸಿಗುವುದು ಅಲ್ಲಿಂದೀಚೆಗೆ ಎಂಬುದು ಅವರ ವಾದ, ಅದೇನೂ ಸುಳ್ಳಲ್ಲ. ಅದರಲ್ಲಿ ಮೂಡಣದ ಕಂಬಗಳು ಕೆಂಪಗೆ ಎದ್ದು ನಿಂತಿದ್ದವು, ಪಡುವಣದವು ನೆಲ ಬಿಟ್ಟು ಮೇಲೇಳುತ್ತಲೇ ಇರಲಿಲ್ಲ. ಏಳುವುದಾದರೂ ಹೇಗೆ? ಪಡುವಣದಲ್ಲಿ ಕಡಿಯಲು ಮರ ಉಳಿದಿರಬೇಕಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ, ನಾವೇ ಕಾವಲುಗಾರರು ಎಂದು ಮೀಸೆ ತಿರುವಿದಂತೆ. ಇಂದಿನ ಸಭೆ ಆ ಗ್ರಾಫನ್ನು ಒಪ್ಪಿದರೆ ಮೂಡಣದ ಮೂವತ್ತು ಹಳ್ಳಿಗಳು ಕಾಡಂಚಿನ ಹೊಲ ಬಿಟ್ಟು ಏಳಬೇಕು.

ಸಾಹೇಬರಂತೆ ಅಳತೆಯಮ್ಮನೂ ಪಡುವಣದವಳೇ, ಗರಗಸದಾಳಿನ ಮಗಳು. ಉಗ್ರಾಣದಲ್ಲಿ ಗೆದ್ದಲು ತಿಂದು ಬಿಟ್ಟಿದ್ದ ಹಳೆಯ ಮರ ಕಡಿತದ ದಾಖಲೆ ಪುಸ್ತಕಗಳನ್ನು ಮನೆಗೊಯ್ದು, ಕಣ್ಣು ಮಂಜಾದ ಅಪ್ಪನಿಗೆ ಓದಿ ಹೇಳಿದ್ದಳು. ಬೆಳಗಿನ ಪ್ರಾರ್ಥನೆ ಮುಗಿಸಿ ಕೂತಿದ್ದ ಮುದುಕ ಕಿವಿಗೊಟ್ಟು ಕೇಳಿ, ಎರಡು ಇಳಿಜಾರುಗಳಲ್ಲಿ ಪುಸ್ತಕ ಹೇಳುವುದಕ್ಕಿಂತ ಹೆಚ್ಚೇ ಮರ ಉರುಳಿದವೆಂದು ತಿದ್ದಿದ್ದ. ಇದನ್ನೆಲ್ಲ ಹೊರಗೆ ಹಾಕಲೇ ಎಂದು ಮಗಳು ಅಳುಕಿದಾಗ ಅವನ ಮಾತು ಇಷ್ಟೇ:

"ಕಡಿದೋರು ನಾವೇ ಮಗಳೇ. ದೇವರಿಗೆ ಗೊತ್ತಿರೋದನ್ನ ಸಾಹೇಬರಿಗೆ ಮುಚ್ಚಿಡೋದ್ಯಾಕೆ? ಬರ್ಕೋ."

ಬರೆದುಕೊಂಡಳು. ಸುತ್ತಳತೆಯಿಂದ ಮರದ ತೂಕ, ಒಣ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ, ಹೀಗೆ ಆ ಹದಿನೈದಕ್ಕೂ ಹಿಂದಿನ ನಲವತ್ತು ವರ್ಷಗಳ ಲೆಕ್ಕ. ಉಪಗ್ರಹ ಕಾಣದ ಕಾಲವೆಂದು ಆ ಕಂಬಗಳಿಗೆ ಬಣ್ಣ ತುಂಬದೆ ಪೆನ್ಸಿಲಿನಲ್ಲಿ ಓರೆಗೆರೆ ಎಳೆದು, ಬುಡದಲ್ಲಿ 'ಅಂದಾಜು' ಎಂದು ಬರೆದಿದ್ದಳು. ಗ್ರಾಫಿನ ಅಡಿಯಲ್ಲಿ ಸಹಿಯನ್ನೂ ಹಾಕಿದ್ದಳು.

ಆ ಹೊಸ ಹಾಳೆಯನ್ನು ಅವಳು ಗ್ರಾಫಿನ ಎಡಕ್ಕೆ ಅಂಟಿಸಿ ಬಿಚ್ಚಿದಂತೆ ಸಾಹೇಬರ ನಗು ಮುದುಡಿತು. ತೆಗೆಯಿರಿ ಎಂದರು. ಅಂದಾಜಿಗೆ ಸಭೆಯಲ್ಲಿ ಕಾಸಿನ ಕಿಮ್ಮತ್ತಿಲ್ಲವೆಂದರು. ಅವಳು ಅಂಚು ಒತ್ತುತ್ತಲೇ, ಅಂದಾಜನ್ನು ಅಂದಾಜೆಂದೇ ಬರೆದಿದ್ದೇನೆ, ಸೊನ್ನೆ ಎಂದು ಬರೆದರೆ ಅದು ಸುಳ್ಳು ಎಂದಳು.

"ನಮ್ಮ ಕಡೆಯವರಾಗಿ ಹೀಗೆ ಮಾಡೋದಾ?"

"ನಮ್ಮ ಕಡೆಯವಳಾದ್ದಕ್ಕೇ ಗೊತ್ತು ಸಾರ್."

"ವರ್ಗ ಆದ್ರೆ ವಯಸ್ಸಾದ ಅಪ್ಪನ್ನ ಎಲ್ಲಿ ಹೊತ್ಕೊಂಡು ತಿರುಗ್ತೀರಿ?"

ಅವಳು ಕುರ್ಚಿಯಿಂದ ಇಳಿದಳು. "ನಾನಿರೋ ಕಡೆ ಅವರಿರ್ತಾರೆ. ವರ್ಗ ಮಾಡಿ ಸಾರ್. ನನ್ನ ಸಹಿ ಬೇಕಾದ್ರೆ ಗ್ರಾಫು ಇಷ್ಟುದ್ದಾನೇ ಇರುತ್ತೆ."

ಸಾಹೇಬರು ಹಾಳೆಗೆ ಕೈ ಹಾಕುವಷ್ಟರಲ್ಲಿ ಸಭೆಯವರು ಬಂದೇಬಿಟ್ಟರು. ಕೊನೆಯ ಸಾಲಿನಲ್ಲಿ ಮೂಡಣದ ಹಳ್ಳಿಗಳ ಪರವಾಗಿ ಬಂದ ಒಬ್ಬಳು ಮುದುಕಿ ಕೂತಳು. ಸಾಹೇಬರು ಕೋಲು ಹಿಡಿದು ಬಲತುದಿಯ ಕೆಂಪಿನಿಂದ ಶುರುಮಾಡಿದರು. ಹೊಸ ಹಾಳೆ ಎದುರು ಗೋಡೆಯಲ್ಲಿ ಹಿಡಿಸದೆ, ಮೂಲೆ ತಿರುಗಿ ಪಕ್ಕದ ಗೋಡೆಗೆ ಹೋಗಿತ್ತು. ಕೂತವರಿಗೆ ಪೂರ್ತಿ ಕಾಣುವಂತಿರಲಿಲ್ಲ. ಅದೇನು ಎಂದು ಅಧ್ಯಕ್ಷೆ ಕೇಳಿದರು. ಹಳೇ ಕತೆ ಎಂದರು ಸಾಹೇಬರು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಎದ್ದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಬಲತುದಿಯಲ್ಲಿ ಕೋಲು ಹಿಡಿದ ಸಾಹೇಬರೊಬ್ಬರೇ ಉಳಿದರು. ಕೊನೆಗೆ ಮುದುಕಿ ಬಂದು, ಪಡುವಣದ ಒಂದು ಕಂಬದ ಬುಡಕ್ಕೆ ಬೆರಳಿಟ್ಟು, ಅದರ ತುದಿ ಹುಡುಕುತ್ತಾ ನಿಧಾನವಾಗಿ ಕತ್ತೆತ್ತಿದಳು.