ಹೂವಿನ ರಸದಲ್ಲಿ ಪಾಲು

ಹೊನ್ನಕ್ಕನಿಗೆ ಹೊಟ್ಟೆಯುರಿ ಶುರುವಾದದ್ದು ಒಂದು ಮೊಲದಿಂದ. ದುದ್ದ ಊರಿನ ಆಚೆ ಅವಳ ರಾಗಿ ಹೊಲದ ನಡುವೆಯೇ ಓಡಿಬಂದ ಮೊಲ ಬದು ಹಾರಿ, ಓರಗಿತ್ತಿ ದೊಡ್ಡತಾಯಮ್ಮನ ಕೊರಕಲಿನ ಪೊದೆಗೆ ನುಗ್ಗಿತು. ಮೊಲಕ್ಕೂ ಗೊತ್ತಾಯಿತಲ್ಲಪ್ಪ, ಯಾರ ಜಾಗ ಚೆನ್ನಾಗಿದೆ ಅಂತ! ಅವತ್ತು ಹೊನ್ನಕ್ಕ ಮಧ್ಯಾಹ್ನದ ಮುದ್ದೆಯನ್ನು ಅರ್ಧಕ್ಕೇ ಬಿಟ್ಟಳು.

ಅಣ್ಣತಮ್ಮಂದಿರು ಪಾಲಾದಾಗ ಹಸನಾದ ಹೊಲ ಹೊನ್ನಕ್ಕನ ಗಂಡ ಕೆಂಚಯ್ಯನಿಗೆ ಬಂದಿತ್ತು. ಅಣ್ಣ ಮಂಚಯ್ಯನಿಗೆ ಒಂದಿಷ್ಟು ಗದ್ದೆ, ಜೊತೆಗೆ ಈ ಕೊರಕಲು: ಮಳೆ ಬಂದರೆ ಮಣ್ಣೆಲ್ಲ ಕೊಚ್ಚಿಹೋಗುವ, ಮುಳ್ಳು ಬಿಟ್ಟರೆ ಏನೂ ಹುಟ್ಟದ ಇಳಿಜಾರು. ಆ ದಿನ ಹೊನ್ನಕ್ಕ ಗುಟ್ಟಾಗಿ ಹೋಗಿ ಮಾರಮ್ಮನಿಗೆ ಕಾಯಿ ಒಡೆಸಿಕೊಂಡು ಬಂದಿದ್ದಳು.

ಆದರೆ ದೊಡ್ಡತಾಯಮ್ಮ ಅಳುತ್ತ ಕೂರುವ ಹೆಂಗಸಲ್ಲ. ಗಂಡನ ಕೈಲಿ ಕೊರಕಲಿಗೆ ಅಡ್ಡಡ್ಡ ಕಲ್ಲು ಕಟ್ಟಿಸಿದಳು. ಸುತ್ತ ಕತ್ತಾಳೆ ನೆಟ್ಟು, ಮೇಕೆ ನುಗ್ಗದಂತೆ ಮುಳ್ಳು ಹಾಕಿದಳು. ವನಮಹೋತ್ಸವದಲ್ಲಿ ಅರಣ್ಯದ ಗಾರ್ಡು ಹಂಚಿದ ಸಸಿಗಳನ್ನು ಊರವರು ನೆಟ್ಟು ಮರೆತರೆ, ಇವಳು ಹೊಂಗೆ, ಹಿಪ್ಪೆ, ನೇರಳೆ ಅಂತ ಆರಿಸಿ ತಂದು, ತಲೆಯ ಮೇಲೆ ನೀರು ಹೊತ್ತು ಬೆಳೆಸಿದಳು. ಉಳಿದದ್ದನ್ನು ಹಕ್ಕಿಗಳೇ ಬಿತ್ತಿದವು. ಹತ್ತು ವರ್ಷದೊಳಗೆ ಅಲ್ಲಿ ಕಾಡು! ಬುರ್ಲಿ ಹಕ್ಕಿ, ಗೂಬೆ, ಮುಂಗುಸಿ, ಶಿವರಾತ್ರಿಯವರೆಗೂ ಬತ್ತದ ನೀರು. ಹುತ್ತದಲ್ಲಿ ತುಡುವೆ ಜೇನು, ಪೊದೆಪೊದೆಗೂ ಕೋಲುಜೇನು.

ಹೊನ್ನಕ್ಕನಿಗೂ ಒಂದು ಹೆಮ್ಮೆ ಇತ್ತು, ಇಲ್ಲ ಅನ್ನಬಾರದು. ಅದು ಅವಳು ರಾಗಿಯ ನಡುನಡುವೆ ಸಾಲು ಬಿಡುತ್ತಿದ್ದ ಹುಚ್ಚೆಳ್ಳು. ಮಾರ್ನಮಿ ಹೊತ್ತಿಗೆ ಹೊಲ ಹಳದಿಯಾಗುತ್ತಿತ್ತು. ದುದ್ದದ ಗಾಣದ ರುದ್ರಯ್ಯ ಅವಳ ಕಾಳನ್ನು ಅಂಗೈಗೆ ಸುರಿದುಕೊಂಡು, "ಎಣ್ಣೆ ಅಂದ್ರೆ ಹೊನ್ನಕ್ಕನ ಉಚ್ಚೆಳ್ಳು ಕಣ್ರಪ್ಪಾ" ಎಂದು ಎಲ್ಲರೆದುರು ಹೇಳುತ್ತಿದ್ದ. ಆ ಒಂದು ಮಾತಿಗಾಗಿ ಅವಳು ವರ್ಷವಿಡೀ ಕಾಯುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಕಾಳು ಯಾಕೆ ಗಟ್ಟಿಯಾಗುತ್ತ ಬಂತು ಎಂದು ಮಾತ್ರ ಯೋಚಿಸಲಿಲ್ಲ. ತನ್ನ ಕೈಗುಣ ಅಂದುಕೊಂಡಳು.

ಹೀಗಿರುವಾಗ ದೊಡ್ಡತಾಯಮ್ಮ ಒಂದು ದಿನ ಬಟ್ಟಲಲ್ಲಿ ಜೇನುತುಪ್ಪ ತಂದುಕೊಟ್ಟು ಹೋದಳು. ಹೊನ್ನಕ್ಕ ಬೆರಳದ್ದಿ ನೆಕ್ಕಿದ್ದೇ ತಡ, ಮೈಯೆಲ್ಲ ಉರಿದುಹೋಯಿತು.

"ನೋಡಿದ್ರಾ? ಇದು ನಮ್ಮ ಉಚ್ಚೆಳ್ಳು ಊವಿನ ರಸ! ನಮ್ಮೊಲದಲ್ಲಿ ಕುಡ್ದು ಓಗಿ ಅವಳ ಪೊದೇಲಿ ಕಕ್ತವೆ. ಅರ್ಧ ಪಾಲು ಕೇಳಿ, ಓಗಿ."

ಕೆಂಚಯ್ಯ ಬಾಯಿಂದ ಬೀಡಿ ತೆಗೆದು ನಕ್ಕ. "ಪಾಲಾದಾಗ ಜೇನುಳಕ್ಕೆ ಯಾರೂ ಏಳ್ಲಿಲ್ವಲ್ಲ. ನೀನೇ ಓಗಿ ಬದು ತೋರ್ಸು."

ಗಂಡ ನಕ್ಕದ್ದು ಉರಿಯುವ ಒಲೆಗೆ ಪುಳ್ಳೆ ಇಟ್ಟಂತಾಯಿತು. ಅರವತ್ತೆರಡನೇ ಇಸವಿಯ ಬೇಸಿಗೆ, ಎಲ್ಲೆಲ್ಲೂ ಒಣಹುಲ್ಲು. ಮಂಚಯ್ಯ, ದೊಡ್ಡತಾಯಮ್ಮ ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋದ ದಿನ ಹೊನ್ನಕ್ಕ ಹುಲ್ಲಿನ ಕಂತೆ, ಕೆಂಡ ಹಿಡಿದು ಬದು ದಾಟಿದಳು. ಹೊಗೆ ಹಾಕಿ ಹುಳ ಓಡಿಸಬೇಕು, ಅಷ್ಟೇ ಅವಳ ಲೆಕ್ಕ. ಗಾಳಿಗೆ ಬೇರೆ ಲೆಕ್ಕವಿತ್ತು. ತುಡುವೆ ಎದ್ದು ಮುಖಕ್ಕೆ ಮುತ್ತಿತು, ಕೈಯಲ್ಲಿದ್ದ ಕಂತೆ ಹುಲ್ಲಿಗೆ ಬಿತ್ತು, ಅವಳು ಸೆರಗು ಹೊದ್ದು ಓಡಿದಳು. ಸಂಜೆಯ ಹೊತ್ತಿಗೆ ಕೊರಕಲು ಕರ್ರಗೆ ಬೋಳಾಗಿತ್ತು.

ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಕೇಳಿದವರಿಗೆಲ್ಲ "ಅಲ್ಲುನೋವು" ಅಂದಳು. ಊರು ಸೆರಗಿನ ಮರೆಯಲ್ಲಿ ನಕ್ಕಿತು. ಮರುದಿನ ದೊಡ್ಡತಾಯಮ್ಮ ಬಂದಳು. ಹತ್ತಿರ ಕೂತು, ಜೇನಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತು, ಸುಣ್ಣ ಹಚ್ಚಿದಳು.

"ಅಲ್ಲುನೋವಿಗೆ ಸುಣ್ಣ ಒಳ್ಳೇದು ಕಣೆ."

ಅಷ್ಟೇ. ಒಂದು ಬೈಗುಳವಿಲ್ಲ, ಶಾಪವಿಲ್ಲ. ಜುಟ್ಟು ಹಿಡಿದು ಬಡಿದಿದ್ದರೂ ಹೊನ್ನಕ್ಕ ತಡೆದುಕೊಳ್ಳುತ್ತಿದ್ದಳು. ಒಳ್ಳೆಯತನದಲ್ಲೂ ಅವಳದೇ ಮೇಲುಗೈಯೆ! ಆ ಸುಣ್ಣ ಜೇನಿನ ಮುಳ್ಳಿಗಿಂತ ಹೆಚ್ಚು ಉರಿಯಿತು.

ಮಳೆ ಬಂತು, ಬಿತ್ತನೆಯಾಯಿತು. ಮಾರ್ನಮಿಗೆ ಹೊಲ ಎಂದಿನಂತೆ ಹಳದಿಯಾಯಿತು. ಆದರೆ ಸಾಲಿನ ನಡುವೆ ನಿಂತ ಹೊನ್ನಕ್ಕನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನು ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಸದ್ದೇ ಇಲ್ಲ. ಪ್ರತಿವರ್ಷ ಹೂವಿನ ಮೇಲೆ ಗುಯ್‌ಗುಡುತ್ತಿದ್ದ ಆ ಕಳ್ಳಹುಳಗಳು ಒಂದೂ ಇಲ್ಲ. ತಾನೇ ಓಡಿಸಿದ್ದಳಲ್ಲ! ರಾಗಿ ತೆನೆಗೆ ಬಂದಾಗ ಇಲಿಗಳು ದಂಡುಗಟ್ಟಿ ಬಂದವು, ಅವನ್ನು ಹಿಡಿಯುತ್ತಿದ್ದ ಗೂಬೆ, ಮುಂಗುಸಿ ಎಲ್ಲಿ ಹೋಗಿದ್ದವೋ.

ಗಾಣದಲ್ಲಿ ರುದ್ರಯ್ಯ ಕಾಳನ್ನು ಅಂಗೈಗೆ ಸುರಿದುಕೊಂಡು ಊದಿದ. ಅರ್ಧಕ್ಕರ್ಧ ಹಾರಿಹೋಯಿತು.

"ಯಾಕ್ ಹೊನ್ನಕ್ಕಾ, ಈ ಸಲ ಬರೀ ಜೊಳ್ಳು?"

ಎಲ್ಲರೂ ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಸದ್ದಿಲ್ಲದ ಹೂವು ನೆನಪಾಯಿತು; ಹುಳ ಕೂರದೆ ಕಾಳು ಕಟ್ಟಿರಲಿಲ್ಲ. ಚೀಲ ಹೊತ್ತುಕೊಂಡು ಮನೆಗೆ ಹೋಗದೆ ನೇರ ಕೊರಕಲಿಗೆ ಹೋದಳು. ದೊಡ್ಡತಾಯಮ್ಮ ಮಳೆಗೆ ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸುತ್ತಿದ್ದಳು.

"ಅಕ್ಕಾ, ಬೆಂಕಿ ಆಕ್ದೋಳು ನಾನು."

"ಗೊತ್ತು ಕಣೆ. ನಿನ್ನ ಮುಖನೇ ಏಳ್ತಲ್ಲ."

"ಬೈಯಿ ಮತ್ತೆ! ಈ ಕೊರಕಲು ಕಂಡ್ರೆ ನಂಗೆ ಒಟ್ಟೆ ಉರೀತಿತ್ತು. ಈಗ ನಿನ್ನ ಜೇನಿಲ್ದೆ ನನ್ನ ಉಚ್ಚೆಳ್ಳೂ ಓಯ್ತು. ಬೈಯಕ್ಕಾ!"

ದೊಡ್ಡತಾಯಮ್ಮ ಕಲ್ಲಿನ ಮೇಲೆ ಕುಕ್ಕರಿಸಿದಳು. "ಬೈಯೋಕೆ ನಂಗೆ ಮುಖ ಇಲ್ಲ ಕಣೆ. ಇಲ್ಲೇ ನೆಳ್ಳಲ್ಲಿ ಕೂತ್ಕಂಡು ನಿನ್ನೊಲದ ಅಳದಿ ನೋಡ್ತಿದ್ದೆ. ಗಾಣದಲ್ಲಿ ಎಲ್ರ ಬಾಯಲ್ಲೂ ನಿನ್ ಎಸ್ರೇ. ನನ್ನ ಎಸ್ರು ಯಾರ್ ಏಳ್ತಾರೆ? ಒಂದ್ಸಲನಾದ್ರೂ ಅವಳ ಕಾಳು ಜೊಳ್ಳಾಗ್ಲಿ ಅಂತ ಮಾರಮ್ಮನಿಗೆ ಅರಕೆ ಕಟ್ಕಂಡಿದ್ದೆ. ಈಗ ಕೋಳಿ ಕೊಡ್ಬೇಕು."

ಇಷ್ಟು ವರ್ಷ! ಇಷ್ಟು ವರ್ಷ ಇವಳೂ ತನ್ನನ್ನು ಕಂಡು ಕರುಬುತ್ತಿದ್ದಳು! ಜೊಳ್ಳಿನ ಚೀಲ ತಲೆಯ ಮೇಲಿದ್ದಂತೆಯೇ ಹೊನ್ನಕ್ಕನ ಎದೆ ಹಗುರವಾಯಿತು. ಚೀಲ ಇಳಿಸಿ ಅವಳ ಪಕ್ಕದಲ್ಲೇ ಕೂತಳು.

"ಕೋಳೀಲಿ ಅರ್ಧ ಪಾಲು ನಂದು ಕಣಕ್ಕಾ. ಜೊಳ್ಳು ನಂದಲ್ವಾ?"

ಅಷ್ಟರಲ್ಲಿ, ಸುಟ್ಟ ಹಿಪ್ಪೆಯ ಬುಡದಲ್ಲಿ ಒಡೆದಿದ್ದ ಕೆಂಪು ಚಿಗುರಿಗೆ ಒಂದು ಮೇಕೆ ಬಾಯಿ ಹಾಕಿತು. ಹೊನ್ನಕ್ಕ ಛಂಗನೆ ಎದ್ದು, ಕಲ್ಲು ಬೀಸಿ, ಅದರ ವಂಶವನ್ನೆಲ್ಲ ಬೈಯುತ್ತ ಬದುವಿನಾಚೆಗೆ ಅಟ್ಟಿದಳು. ಮೇಕೆ ಅವಳದೇ.