ಅಧಿಕ ಮಾಸದ ಪ್ರಯಾಣ

ಕೈಗೂಸನ್ನು ಕಟ್ಟಿಕೊಂಡು ದೂರದೂರಿಗೆ ಹೊರಡುವುದು ತಲೆ ನೆಟ್ಟಗಿರುವವರ ಕೆಲಸವಲ್ಲ ಎಂದು ದೇಶದ ರಾಜಧಾನಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಲಾವಣ್ಯಾಗೂ ಗೊತ್ತಿತ್ತು. ಮಗಳು ಹಂಸಿನಿಗೆ ಮೂರು ತಿಂಗಳಾದಾಗ ಹೊರಟರೆ ಚುಚ್ಚುಮದ್ದು ಅಡ್ಡ ಬಂತು, ಎಂಟಕ್ಕೆ ಹಲ್ಲು, ವರ್ಷಕ್ಕೆ ಕಿವಿನೋವು. ಅಷ್ಟು ದೂರ ಒದ್ದಾಡಿಕೊಂಡು ಹೋದರೂ ಮಗುವಿಗೆ ಏನು ನೆನಪಿರುತ್ತದೆ ಎಂಬುದು ಗಂಡ ಸೋಮಶೇಖರನ ವಾದ. ನೆನಪಿಟ್ಟುಕೊಳ್ಳಲು ಕಾದು ಕುಳಿತವರು ಬೇರೊಬ್ಬರಿದ್ದಾರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ.

ಹಾಗೆ ಕಾದವಳು ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದ ಸುಶೀಲಮ್ಮ, ಲಾವಣ್ಯಾಳ ಅಜ್ಜಿ. ತಾಯಿಯಿಲ್ಲದ ಮೊಮ್ಮಗಳನ್ನು ಎದೆಗವಚಿಕೊಂಡು ಬೆಳೆಸಿದವಳು. ಫೋನಿನ ಪರದೆಯಲ್ಲಿ ಹಂಸಿನಿಯನ್ನು ತೋರಿಸಿದರೆ, “ಇದರಾಗ ನನಗೇನು ಕಾಣಸ್ತದ, ತೊಡಿ ಮ್ಯಾಲೆ ಕೂಡಸು” ಎಂದು ರೇಗುತ್ತಿದ್ದಳು. ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಲೇ ಲಾವಣ್ಯಾ ಎರಡು ವರ್ಷ ತಳ್ಳಿದಳು.

ಜೂನ್ ಹನ್ನೆರಡಕ್ಕೆ ಸೋದರಮಾವ ದಕ್ಷಿಣಾಮೂರ್ತಿಯ ಫೋನ್ ಬಂತು. ಅಜ್ಜಿ ಆಸ್ಪತ್ರೆಯಲ್ಲಿದ್ದಾಳೆ, ಹೆಚ್ಚು ದಿನ ಇಲ್ಲ, ಕೂಸು ಕೂಸು ಎನ್ನುತ್ತಿದ್ದಾಳೆ. ಲಾವಣ್ಯಾ ಆಗಲೇ ಸೂಟ್‌ಕೇಸ್ ಕೆಳಗಿಳಿಸಿದಳು. ಕಚೇರಿಯವರಿಗೆಲ್ಲ ಟಿಕೆಟ್ ಮಾಡಿಸಿಕೊಡುವ ಏಜೆಂಟನಿಗೆ ಫೋನ್ ಹಚ್ಚಿ, ಒಂದು ಕೈಯಲ್ಲಿ ಡೈಪರು ತುಂಬುತ್ತಲೇ ವಿವರ ಹೇಳಿದಳು. ಮಗುವಿನ ಹುಟ್ಟಿದ ದಿನ ಯಾವುದು ಎಂದು ಅವನು ಕೇಳಿದ. “ಅಠಾರಾ ಜೂನ್, ಭಯ್ಯಾ,” ಎಂದಳು. ಹದಿನೆಂಟಕ್ಕಾದರೆ ಇನ್ನೂ ಎರಡು ತುಂಬಿಲ್ಲ, ಮಡಿಲಲ್ಲೇ ಕೂರಿಸಿಕೊಳ್ಳಿ ಎಂದು ಅವನು ಜಾಗವಿದ್ದ ಮೊದಲ ವಿಮಾನದಲ್ಲಿ, ಹದಿನಾಲ್ಕಕ್ಕೆ, ಎರಡೇ ಸೀಟು ಮಾಡಿದ.

ಹದಿನಾಲ್ಕರ ಬೆಳಿಗ್ಗೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತ ಹುಡುಗಿ ಜನನ ಪ್ರಮಾಣಪತ್ರವನ್ನು ಎರಡು ಸಲ ಓದಿದಳು. ಅದರಲ್ಲಿ ಹತ್ತನೇ ಜೂನ್ ಎಂದಿತ್ತು. ಮಗುವಿಗೆ ಎರಡು ತುಂಬಿ ನಾಲ್ಕು ದಿನವಾಗಿದೆ ಮೇಡಂ, ಸೀಟಿಲ್ಲದೆ ಬಿಡುವಂತಿಲ್ಲ, ವಿಮಾನದಲ್ಲಿ ಒಂದೂ ಸೀಟಿಲ್ಲ ಎಂದು ಮೃದುವಾಗಿಯೇ ಹೇಳಿದಳು.

ಲಾವಣ್ಯಾಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮನೆಯಲ್ಲಿ ಹುಟ್ಟುಹಬ್ಬವೆಂದರೆ ತಿಥಿಯ ಪ್ರಕಾರವೇ, ತಾರೀಖು ಕೇಳುವವರಿಲ್ಲ. ಹಂಸಿನಿ ಹುಟ್ಟಿದ್ದು ಜ್ಯೇಷ್ಠ ಶುದ್ಧ ಚೌತಿ. ಈ ವರ್ಷ ಜ್ಯೇಷ್ಠವೇ ಅಧಿಕ ಮಾಸವಾಗಿ ಬಂದು ನಿಜ ಜ್ಯೇಷ್ಠದ ಚೌತಿ ಹದಿನೆಂಟಕ್ಕೆ ಜಾರಿತ್ತು. ಹದಿನೆಂಟಕ್ಕೆ ಆರತಿ, ಹದಿನೆಂಟಕ್ಕೆ ಹೊಸ ಲಂಗ ಎಂದು ತಿಂಗಳಿಂದ ಜಪಿಸಿದ್ದ ಬಾಯಿ ಏಜೆಂಟನಿಗೂ ಅದನ್ನೇ ಒದರಿತ್ತು. ಹೆತ್ತವಳು, ಹೆತ್ತ ದಿನವನ್ನೇ ತಪ್ಪು ಹೇಳಿದಳು. ಈ ನಾಚಿಕೆಯನ್ನು ಯಾರ ಮುಂದೆ ತೋಡಿಕೊಳ್ಳುವುದು?

“ನೀನು ಹೋಗು,” ಎಂದ ಸೋಮಶೇಖರ. “ನಾಳೆ ನಾನು ಇವಳನ್ನ ಕರ್ಕೊಂಡು ಬರ್ತೀನಿ.”

“ಅಜ್ಜಿ ನನ್ನನ್ನ ಮೂವತ್ತು ವರ್ಷ ನೋಡಿದಾಳೆ ರೀ. ಬರಿಗೈಯಲ್ಲಿ ಯಾವ ಮುಖ ಇಟ್ಕೊಂಡು ಹೋಗಲಿ?”

“ಹಠ ಮಾಡ್ಬೇಡ, ಲಾವಣ್ಯಾ.”

ಹಠವೇ ಆಗಿತ್ತು. ಎರಡು ವರ್ಷದ ಆಲಸ್ಯವನ್ನು ಒಂದೇ ದಿನದಲ್ಲಿ ತೊಳೆದುಕೊಳ್ಳುವ ಹಠ. ನೇರ ವಿಮಾನ ದಿನಕ್ಕೊಂದೇ. ಬೆಂಗಳೂರಿನ ಮೇಲೆ ಸುತ್ತಿ ಹೋದರೂ ತಲುಪುವುದು ಮರುದಿನವೇ. ಮರುದಿನಕ್ಕೆ ಮೂರು ಸೀಟು ಸಿಕ್ಕಿತು. ಒಂದು ದಿನ ತಾನೇ, ಅಜ್ಜಿ ತಡೆದಾಳು ಎಂದುಕೊಂಡಳು. ಎರಡು ವರ್ಷದಿಂದ ಹೀಗೆಯೇ ಅಂದುಕೊಂಡು ಬಂದವಳಿಗೆ ಅದು ಸಲೀಸಾಗಿ ಬಂತು.

ಮನೆಗೆ ಮರಳಿದ ಮೇಲೆ, ಮಧ್ಯಾಹ್ನ ಮೂರಕ್ಕೆ ಮಾವನ ಫೋನು. ಅಜ್ಜಿಗೆ ಎಚ್ಚರವಾಗಿದೆ, ಮಾತಾಡು ಎಂದು ಅವಳ ಕಿವಿಗೆ ಹಿಡಿದ.

“ಬಂದ್ರೇನು?” ದನಿ ನೂಲಿನಷ್ಟು ಸಣ್ಣಗಿತ್ತು.

ಇಲ್ಲ ಎನ್ನಲು ಲಾವಣ್ಯಾಗೆ ನಾಲಿಗೆ ಏಳಲಿಲ್ಲ. “ಬಂದೇವಿ ಅಜ್ಜಿ. ಇಲ್ಲೇ ಹೊರಗ ಇದ್ದೇವಿ.”

“ಕೂಸು?”

ಹಂಸಿನಿ ಎದುರಿಗೇ ಸೂಟ್‌ಕೇಸಿನ ಮೇಲೆ ಹತ್ತಿ, “ಮಮ್ಮಾ, ಚಲೋ! ಪ್ಲೇನ್!” ಎಂದು ಹೊರಡಲು ಕುಣಿಯುತ್ತಿದ್ದಳು. ಲಾವಣ್ಯಾ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

“ಮಲಗ್ಯಾಳ ಅಜ್ಜಿ.”

“ಎಬ್ಬಸಬ್ಯಾಡ. ಪ್ರಯಾಣ ಮಾಡಿ ದಣದಿರ್ತದ. ಎದ್ದ ಮ್ಯಾಲೆ ಕರಕೊಂಡು ಬಾ.”

ಫೋನು ಕೆಳಗಿಟ್ಟವಳು ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಸೋಮಶೇಖರ ಮಗುವನ್ನು ಎತ್ತಿಕೊಂಡು ಹೊರಗೆ ಹೋದ.

ಐದೂವರೆಗೆ ಮಾವ ಮತ್ತೆ ಫೋನ್ ಮಾಡಿದ. ಸಮಾಧಾನ ಹೇಳುವವನಂತೆ ಹೇಳಿದ: “ಏನೂ ಸಂಕಟ ಪಡ್ಲಿಲ್ಲವ್ವಾ. ನೀವು ಹೊರಗ ಇದ್ದೀರಿ ಅಂತ ನಂಬಿದ್ಲು. ಕೂಸು ಏಳ್ತದ, ಸಪ್ಪಳ ಮಾಡಬ್ಯಾಡ್ರಿ ಅಂತ ನಮಗ ಬೈದು, ಬಾಗಿಲ ಕಡೆನ ನೋಡ್ಕೋತ ಹೋದ್ಲು.”